ಒಂದೇ ಔಷಧಿಗೆ ನಿಧಿಯ ಮೂರನೇ ಒಂದು ಪಾಲು: ಕೊಡೋದಾ, ಬೇಡವಾ? ಲೆಕ್ಕ ಹಾಕೋದು ಹೇಗೆ?

ನಿಧಿ_ಕಾರ್ಯದರ್ಶಿ · ರಾತ್ರಿ 9:40

ನಾನು ಡಾಕ್ಟರೂ ಅಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ನಾವು ಕೆಲಸ ಮಾಡೋ ಕಡೆ ನೌಕರರೇ ಸೇರಿ ನಡೆಸೋ ವೈದ್ಯಕೀಯ ನೆರವು ನಿಧಿ ಒಂದಿದೆ. ಎರಡು ವರ್ಷದಿಂದ ಅದರ ಕಾರ್ಯದರ್ಶಿಗಿರಿ ನನ್ನ ತಲೆಗೆ ಕಟ್ಟಿದ್ದಾರೆ. ಇಲ್ಲಿವರೆಗೆ ಬಂದ ಅರ್ಜಿಗೆ ಸೀಲು ಒತ್ತಿ ಕಳಿಸ್ತಿದ್ದೆ. ಈ ತಿಂಗಳು ಮಾತ್ರ ಕೈ ಮೇಲೇಳ್ತಿಲ್ಲ.

ಮೇಜಿನ ಮೇಲೆ ಎರಡು ಕಡತ ಇವೆ. ಮೊದಲನೆಯದು ಸಹೋದ್ಯೋಗಿಯೊಬ್ಬರದ್ದು. ಕ್ಯಾನ್ಸರ್ ಹರಡಿದೆ, ಹೊಸ ಔಷಧಿ ಬರೆದುಕೊಟ್ಟಿದ್ದಾರೆ. ವರ್ಷಕ್ಕೆ ಬೇಕಾಗೋ ಹಣ ನಿಧಿಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅರ್ಜಿ ಬರೆದವಳು ಅವರ ಮಗಳು. ಎರಡು ಹಾಳೆ, ಕೈಬರಹ. ಒಂದು ಕಡೆ ‘ಅಪ್ಪನಿಗೆ’ ಅಂತ ಬರೆದು, ಅದನ್ನ ಹೊಡೆದು ಹಾಕಿ, ಮೇಲೆ ಸಣ್ಣಕ್ಷರದಲ್ಲಿ ‘ಸದರಿ ನೌಕರರಿಗೆ’ ಅಂತ ತಿದ್ದಿದ್ದಾಳೆ. ಅದರ ಜೊತೆಗೆ ಪಿನ್ ಮಾಡಿರೋದು ಔಷಧಿ ಕಂಪನಿಯ ಬಣ್ಣದ ಹಾಳೆ: ‘ಸಾವಿನ ಅಪಾಯ 30% ಇಳಿಕೆ’. ಡಾಕ್ಟರನ್ನ ಕೇಳಿದೆ. ‘ಸರಾಸರಿ ನಾಲ್ಕು ತಿಂಗಳು ಹೆಚ್ಚಿಗೆ ಸಿಗಬಹುದು’ ಅಂದರು.

ಎರಡನೇ ಕಡತ: ಸದಸ್ಯರಿಗೆಲ್ಲ ಬಿಪಿ, ಶುಗರ್ ತಪಾಸಣೆ ಮಾಡಿಸಿ, ಇದ್ದವರಿಗೆ ವರ್ಷಪೂರ್ತಿ ಮಾತ್ರೆ ಕೊಡೋ ಯೋಜನೆ. ಅದಕ್ಕೂ ಅಷ್ಟೇ ಖರ್ಚು. ಎರಡಕ್ಕೂ ಸಾಲೋಲ್ಲ.

ಸಭೇಲಿ ಒಬ್ಬರು ‘ಲೆಕ್ಕ ಹಾಕಿ ನೋಡ್ರಿ, ಯಾವುದರಿಂದ ಪ್ರಯೋಜನ ಜಾಸ್ತಿ’ ಅಂದರು. ಇನ್ನೊಬ್ಬರು ‘ಜೀವಕ್ಕೆ ಬೆಲೆ ಕಟ್ತೀರಾ?’ ಅಂತ ಎದ್ದು ಹೋದರು. ನಾನು ಕ್ಯಾಲ್ಕುಲೇಟರ್ ಮುಂದಿಟ್ಟುಕೊಂಡು ಕೂತಿದ್ದೆ, ಯಾವ ಬಟನ್ ಒತ್ತಬೇಕು ಅಂತಾನೇ ಗೊತ್ತಾಗಲಿಲ್ಲ. ಮುಂದಿನ ಸಭೆ ಹತ್ತು ದಿನಕ್ಕೆ. ಬಲ್ಲವರು ಹೇಳಿ.

ತಕರಾರು · ರಾತ್ರಿ 9:52

ಲೆಕ್ಕ ಏನೂ ಬೇಡ. ಕಣ್ಣೆದುರಿಗೆ ಇರೋ ಮನುಷ್ಯನಿಗೆ ಕೊಡಿ. ಬಿಪಿ ಮಾತ್ರೆ ಇಲ್ಲ ಅಂತ ಈ ತಿಂಗಳು ಯಾರೂ ಸಾಯಲ್ಲ.

ಲೆಕ್ಕದಕ್ಕ · ರಾತ್ರಿ 10:31

ತಕರಾರು ಅವರೇ, ಸಾಯ್ತಾರೆ. ಯಾರು ಅಂತ ಗೊತ್ತಿರಲ್ಲ ಅಷ್ಟೆ. ಸ್ಟ್ರೋಕ್ ಆಗಿ ಬಿದ್ದಾಗ ‘ಪಾಪ, ಇದ್ದಕ್ಕಿದ್ದಂಗೆ’ ಅಂತೀವಿ. ಹೆಸರು, ಮುಖ, ಮಗಳ ಕೈಬರಹ ಇದ್ದಾಗ ಮನಸ್ಸು ಒಂದು ಕಡೆ ವಾಲುತ್ತೆ. 1986ರಲ್ಲಿ ಆಲ್ಬರ್ಟ್ ಜಾನ್ಸನ್ ಅನ್ನೋ ವೈದ್ಯಕೀಯ ನೀತಿಶಾಸ್ತ್ರಜ್ಞರು ಇದಕ್ಕೊಂದು ಹೆಸರಿಟ್ಟರು, ‘ರಕ್ಷಣೆಯ ನಿಯಮ’ ಅಂತ. ಬಾವಿಗೆ ಬಿದ್ದವನನ್ನ ಎತ್ತೋಕೆ ಎಷ್ಟು ಬೇಕಾದರೂ ಖರ್ಚು ಮಾಡ್ತೀವಿ, ಬಾವಿಗೆ ಕಟ್ಟೆ ಕಟ್ಟೋಕೆ ಚೌಕಾಸಿ ಮಾಡ್ತೀವಿ. ಆ ವಾಲುವಿಕೆ ತಪ್ಪು ಅಂತ ನಾನು ಹೇಳ್ತಿಲ್ಲ, ಅದು ಇದೆ ಅಂತ ಗೊತ್ತಿದ್ದು ಕೂರಬೇಕು.

ಕಾರ್ಯದರ್ಶಿಗಳೇ, ಇಂಥ ಲೆಕ್ಕ ಹಾಕೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಮೊದಲು ಆ ಬಣ್ಣದ ಹಾಳೆ. ‘30% ಇಳಿಕೆ’ ಅಂದರೆ ನೂರರಲ್ಲಿ ಮೂವತ್ತು ಜನ ಉಳಿದುಕೊಳ್ತಾರೆ ಅಂತಲ್ಲ. ಇಂಥ ಕಾಯಿಲೆಯ ಪ್ರಯೋಗದಲ್ಲಿ ಅದರ ಅರ್ಥ, ಸಾವುಗಳು ಆಗುವ ವೇಗ ಹೊಸ ಔಷಧಿ ತಗೊಂಡ ಗುಂಪಿನಲ್ಲಿ ಇನ್ನೊಂದು ಗುಂಪಿಗಿಂತ ಅಷ್ಟು ಕಡಿಮೆ ಇತ್ತು ಅಂತ. ಹಾಗಾದರೆ ಆ ಇನ್ನೊಂದು ಗುಂಪಿಗೆ ಏನು ಕೊಟ್ಟಿದ್ದರು? ಮೊದಲ ಪ್ರಶ್ನೆ ಯಾವಾಗಲೂ ಇದೇ: ಯಾವುದಕ್ಕೆ ಹೋಲಿಸಿ? ಬರೀ ಖರ್ಚು, ಬರೀ ಲಾಭ ನೋಡಿದರೆ ಏನೂ ತಿಳಿಯಲ್ಲ. ಈಗ ಮಾಡ್ತಿರೋದಕ್ಕಿಂತ ಎಷ್ಟು ಹೆಚ್ಚಿಗೆ ಖರ್ಚಿಗೆ ಎಷ್ಟು ಹೆಚ್ಚಿಗೆ ಲಾಭ, ಇದನ್ನ ನೋಡಬೇಕು.

ಇದಕ್ಕೆ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳೋ ಹಳೇ ಉದಾಹರಣೆ ಒಂದಿದೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡಿ ದೊಡ್ಡ ಕರುಳಿನ ಕ್ಯಾನ್ಸರ್ ಹುಡುಕೋ ಪರೀಕ್ಷೆ ಅದು. ಆಗ ಅಮೆರಿಕದಲ್ಲಿ ಆ ಪರೀಕ್ಷೆಯನ್ನ ಆರು ಸಲ ಮಾಡಿ ಅನ್ನೋ ಸಲಹೆ ಇತ್ತು. 1975ರಲ್ಲಿ ನ್ಯೂಹೌಸರ್ ಮತ್ತು ಲೆವಿಕಿ ಅನ್ನೋ ಇಬ್ಬರು ಸಂಶೋಧಕರು ಅದರ ಲೆಕ್ಕ ಹಾಕಿದರು. ಆರನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಕ್ಯಾನ್ಸರ್ ಪತ್ತೆಗೆ 2,451 ಡಾಲರ್. ಕಡಿಮೆ ಅನ್ಸುತ್ತೆ ಅಲ್ವಾ? ಆದರೆ ಐದು ಸಲದಲ್ಲಿ ತಪ್ಪಿಸಿಕೊಂಡು ಆರನೇ ಸಲ ಸಿಕ್ಕೋ ಒಂದು ಕೇಸಿಗೆ ತಗಲಿದ್ದು 4.7 ಕೋಟಿ ಡಾಲರ್! ಆ ಲೆಕ್ಕದ ಊಹೆಗಳು ಸರಿಯಿಲ್ಲ ಅಂತ ಆಮೇಲೆ ಬೇರೆಯವರು ಜಗಳ ತೆಗೆದರು, ಅದೂ ನ್ಯಾಯವೇ. ಆದರೆ ಸರಾಸರಿ ಅನ್ನೋದು ಎಂಥಾ ಮೋಸಗಾರ ಅನ್ನೋ ಪಾಠ ಮಾತ್ರ ಅಲ್ಲಾಡಲಿಲ್ಲ.

ನಾಳೆ ಮುಂದುವರಿಸ್ತೀನಿ, ಕಣ್ಣು ಎಳೀತಿದೆ.

ಕಣ್ಣಿನ_ಡಾಕ್ಟ್ರು · ರಾತ್ರಿ 11:15

‘ಯಾವುದಕ್ಕೆ ಹೋಲಿಸಿ’ ಅನ್ನೋದಕ್ಕೆ ನನ್ನ ಕೋಣೆಯಿಂದಲೇ ಒಂದು ಉದಾಹರಣೆ. ವಯಸ್ಸಾದವರಲ್ಲಿ ಅಕ್ಷಿಪಟಲದ ಮಧ್ಯಭಾಗ ಹಾಳಾಗಿ, ಅದರ ಕೆಳಗೆ ಹೊಸ ರಕ್ತನಾಳ ಬೆಳೆದು ಸೋರೋ ಕಾಯಿಲೆ ಇದೆ. ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕು, ಅದೂ ಮತ್ತೆ ಮತ್ತೆ. ಇದಕ್ಕೆ ರಾನಿಬಿಜುಮಾಬ್ ಅಂತ ಔಷಧಿ. ಅದನ್ನ ತಯಾರಿಸಿದ ಕಂಪನಿಯದ್ದೇ ಇನ್ನೊಂದು ಔಷಧಿ ಬೆವಾಸಿಜುಮಾಬ್, ಅದು ಬಂದಿದ್ದು ಕ್ಯಾನ್ಸರಿಗೆ. ಎರಡೂ ಅಡ್ಡಗಟ್ಟೋದು ಒಂದೇ ಪ್ರೋಟೀನನ್ನ. ಕ್ಯಾನ್ಸರಿನ ದೊಡ್ಡ ಬಾಟಲಿಯಿಂದ ಒಂದೊಂದು ಹನಿ ತೆಗೆದು ಕಣ್ಣಿಗೆ ಹಾಕಿದರೆ ಹೇಗೆ ಅಂತ ಡಾಕ್ಟರುಗಳೇ ಶುರು ಹಚ್ಚಿಕೊಂಡರು. ಆಗ ಅಮೆರಿಕದಲ್ಲಿ ಒಂದು ಡೋಸಿಗೆ ರಾನಿಬಿಜುಮಾಬ್ ಬೆಲೆ ಸುಮಾರು 2,000 ಡಾಲರ್ ಇತ್ತು, ಬೆವಾಸಿಜುಮಾಬ್ ಬೆಲೆ ಸುಮಾರು 50.

ಎರಡನ್ನೂ ಎದುರುಬದುರು ಇಟ್ಟು ಪ್ರಯೋಗ ಮಾಡೋಕೆ ಕಂಪನಿಗೆ ಏನು ದರ್ದು? ಕೊನೆಗೆ ಸರ್ಕಾರಿ ಹಣದಲ್ಲೇ ಪ್ರಯೋಗ ನಡೀತು. 2011ರಲ್ಲಿ ಬಂದ ಫಲಿತಾಂಶದಲ್ಲಿ ವರ್ಷದ ಕೊನೆಗೆ ದೃಷ್ಟಿ ಎರಡು ಗುಂಪಿಗೂ ಸಮಸಮ.

ದುಬಾರಿ ಔಷಧಿಯನ್ನ ‘ಏನೂ ಕೊಡದೇ ಇರೋದಕ್ಕೆ’ ಹೋಲಿಸಿದರೆ ಅದು ಅದ್ಭುತ, ಕುರುಡು ತಪ್ಪುತ್ತೆ. ಅಗ್ಗದ ಇಂಜೆಕ್ಷನ್‌ಗೆ ಹೋಲಿಸಿದರೆ ಹೆಚ್ಚಿಗೆ ಸಿಗೋ ದೃಷ್ಟಿ ಹತ್ತಿರ ಹತ್ತಿರ ಸೊನ್ನೆ, ಕೊಡೋ ದುಡ್ಡು ಮಾತ್ರ ನಲವತ್ತು ಪಟ್ಟು. ಒಂದು ಮಾತು ಸೇರಿಸ್ತೀನಿ: ಬಾಟಲಿಯಿಂದ ಭಾಗ ಮಾಡುವಾಗ ಶುಚಿ ತಪ್ಪಿದರೆ ಕಣ್ಣೇ ಹೋಗುತ್ತೆ, ಹಾಗೆ ಆದದ್ದೂ ಇದೆ. ಹಾಗಾಗಿ ಅಗ್ಗದ್ದರ ಲೆಕ್ಕದಲ್ಲಿ ಒಳ್ಳೇ ಫಾರ್ಮಸಿಯ ಖರ್ಚನ್ನೂ ಬರೀಬೇಕು. ಬರೆದರೂ ಅದೇ ಗೆಲ್ಲುತ್ತೆ ಅನ್ನೋದು ಬೇರೆ ಮಾತು.

ಕಾರ್ಯದರ್ಶಿಗಳು ತಮ್ಮ ಡಾಕ್ಟರನ್ನ ಕೇಳಬೇಕಾದ್ದು: ಈ ಹೊಸ ಔಷಧಿ ಇಲ್ಲದಿದ್ದರೆ ಯಾವುದು ಕೊಡ್ತಿದ್ದಿರಿ?

ಕೌಂಟರ್_ಹಿಂದೆ · ಬೆಳಿಗ್ಗೆ 7:05

ಅಂಗಡಿ ಬಾಗಿಲು ತೆಗೆಯೋ ಮೊದಲು ಎರಡು ಮಾತು. ಬೆಲೆ ಅನ್ನೋದು ಮಳೆ ಬಿಸಿಲಿನ ಥರ ಮೇಲಿಂದ ಬಂದದ್ದಲ್ಲ. ಕೊಲೆಸ್ಟರಾಲ್ ಮಾತ್ರೆ ಅಟೋರ್ವಾಸ್ಟಾಟಿನ್‌ಗೆ ಅಮೆರಿಕದಲ್ಲಿ 2011ರ ಕೊನೆಗೆ ಪೇಟೆಂಟ್ ರಕ್ಷಣೆ ಮುಗೀತು, ಆಮೇಲೆ ಬೆಲೆ ನೆಲಕ್ಕೆ ಬಿತ್ತು. ಮಾತ್ರೆ ಅದೇ, ಕೆಲಸ ಅದೇ. ಹಿಂದಿನ ವರ್ಷ ‘ಇಂಥವರಿಗೆ ಕೊಡೋದು ದುಂದು’ ಅಂದಿದ್ದ ಲೆಕ್ಕ ಮುಂದಿನ ವರ್ಷ ‘ಕೊಡದಿದ್ದರೆ ದಡ್ಡತನ’ ಅನ್ನೋ ಹಾಗಾಯ್ತು.

ಇನ್ನೊಂದು ಕಡೆ ಹೆಪಟೈಟಿಸ್ ಸಿ ವಾಸಿ ಮಾಡೋ ಸೊಫೋಸ್‌ಬುವಿರ್. 2013ರಲ್ಲಿ ಬಂತು, ಹನ್ನೆರಡು ವಾರದ ಕೋರ್ಸಿಗೆ ಅಮೆರಿಕದಲ್ಲಿ 84,000 ಡಾಲರ್. ಅಂದರೆ ಒಂದು ಮಾತ್ರೆಗೆ ಸಾವಿರ. ಯಕೃತ್ತು ಹಾಳಾಗಿ ಕಸಿ ಮಾಡಿಸೋ ಖರ್ಚೆಲ್ಲ ತಪ್ಪುತ್ತಲ್ಲ, ಆ ಲೆಕ್ಕದಲ್ಲಿ ಆ ಬೆಲೆಗೂ ಪರವಾಗಿಲ್ಲ ಅಂತಲೇ ಬಂತು. ಆದರೆ ರೋಗಿಗಳು ಲಕ್ಷಗಟ್ಟಲೆ. ಒಬ್ಬೊಬ್ಬರಿಗೂ ನ್ಯಾಯವಾದ ಬೆಲೆಯೇ ಇರಬಹುದು, ಒಟ್ಟು ಕೂಡಿದರೆ ಗಲ್ಲಾಪೆಟ್ಟಿಗೆ ಖಾಲಿ. ಕೊಟ್ಟ ಹಣಕ್ಕೆ ತಕ್ಕದ್ದು ಅನ್ನೋದು ಬೇರೆ, ಕೊಡೋಕೆ ಹಣ ಇದೆ ಅನ್ನೋದು ಬೇರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಅಂತ ಹೇಳೋದು ಸುಲಭ, ಇಲ್ಲಿ ಕಾಲು ಯಾರದ್ದು ಅನ್ನೋದೇ ಜಗಳ.

ಬಿಪಿ ಯೋಜನೆ ಬಗ್ಗೆಯೂ ಹುಷಾರು. ದೀರ್ಘಕಾಲದ ಕಾಯಿಲೆಗೆ ಬರೆದುಕೊಟ್ಟ ಔಷಧಿಯನ್ನ ಶ್ರೀಮಂತ ದೇಶಗಳಲ್ಲೇ ಸರಾಸರಿ ಅರ್ಧದಷ್ಟು ಜನ ಮಾತ್ರ ಸರಿಯಾಗಿ ತಗೋತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಅದನ್ನ ನಾನು ದಿನಾ ನೋಡ್ತೀನಿ. ತಿಂಗಳ ಮಾತ್ರೆ ತಗೊಂಡು ಹೋದವರು ಮೂರು ತಿಂಗಳಾದ ಮೇಲೆ ಬಂದು ‘ಇನ್ನೂ ಒಂದು ಶೀಟ್ ಇದೆ’ ಅಂತಾರೆ. ನಿಮ್ಮ ಎರಡನೇ ಕಡತದಲ್ಲಿ ಎಲ್ಲರೂ ಎಲ್ಲಾ ಮಾತ್ರೆ ನುಂಗ್ತಾರೆ ಅಂತ ಬರೆದಿದ್ದರೆ, ಆ ಕಾಲಂನ ಅರ್ಧಕ್ಕೆ ಇಳಿಸಿ ನೋಡಿ.

ನಿಧಿ_ಕಾರ್ಯದರ್ಶಿ · ಬೆಳಿಗ್ಗೆ 8:20

ಹಾಗೇ ಬರೆದಿದೆ ಸರ್. ‘ಫಲಾನುಭವಿಗಳು: 100%’ ಅಂತ. ಬರೆದವನು ನಾನೇ.

ಲೆಕ್ಕದಕ್ಕ · ಬೆಳಿಗ್ಗೆ 9:48

ಹ್ಹಹ್ಹ, ಬೇಜಾರು ಮಾಡ್ಕೋಬೇಡಿ, ನಾವೂ ಹಾಗೇ ಶುರು ಮಾಡಿದವರು. ‘ತಡೆಗಟ್ಟೋದು ಯಾವಾಗಲೂ ಅಗ್ಗ’ ಅನ್ನೋದೂ ಪೂರ್ತಿ ನಿಜ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ, ಪರಿಶೀಲಿಸಿದ ತಡೆಗಟ್ಟುವ ಕ್ರಮಗಳಲ್ಲಿ ನಿಜವಾಗಿ ಹಣ ಉಳಿಸಿದವು 20%ಕ್ಕಿಂತ ಕಡಿಮೆ. ಉಳಿದವು ಹಣ ಉಳಿಸದಿದ್ದರೂ ಕೊಟ್ಟಿದ್ದಕ್ಕೆ ಆರೋಗ್ಯ ಕೊಟ್ಟವು, ಇಲ್ಲವೇ ಅದೂ ಇಲ್ಲ. ಚಿಕಿತ್ಸೆಗಳ ಕಥೆಯೂ ಹೆಚ್ಚುಕಡಿಮೆ ಅದೇ.

ಈಗ ಬಟನ್ ವಿಷಯ. ಕ್ಯಾನ್ಸರಿಗೂ ಬಿಪಿಗೂ ಒಂದೇ ತಕ್ಕಡಿ ಬೇಕಲ್ಲ, ಅದಕ್ಕೆ ಬಳಸೋ ತೂಕದ ಕಲ್ಲು ‘ಕ್ವಾಲಿ’. ಪೂರ್ಣ ಆರೋಗ್ಯದ ಒಂದು ವರ್ಷ ಅಂದರೆ 1, ಸಾವು ಅಂದರೆ 0. ನೋವು, ಓಡಾಟದ ತೊಂದರೆ ಇಟ್ಟುಕೊಂಡು ಬದುಕಿದ ವರ್ಷಕ್ಕೆ ನಡುವಿನ ಒಂದು ಸಂಖ್ಯೆ. 0.7ರ ಸ್ಥಿತಿಯಲ್ಲಿ ಹತ್ತು ವರ್ಷ ಬದುಕಿದರೆ ಏಳು ಕ್ವಾಲಿ.

ನಿಮ್ಮ ಮೊದಲ ಕಡತಕ್ಕೆ ಹಾಕಿ ನೋಡೋಣ. ನಾಲ್ಕು ತಿಂಗಳು ಅಂದರೆ ವರ್ಷದ ಮೂರನೇ ಒಂದು. ಔಷಧಿಯ ಅಡ್ಡಪರಿಣಾಮ, ಸುಸ್ತು ಎಲ್ಲ ಸೇರಿ ಆ ದಿನಗಳ ಗುಣ 0.6 ಅಂತ ಇಟ್ಟುಕೊಳ್ಳಿ. ಮೂರನೇ ಒಂದಕ್ಕೆ 0.6 ಗುಣಿಸಿದರೆ 0.2. ಅಂದರೆ ಒಂದು ಪೂರ್ತಿ ಆರೋಗ್ಯವರ್ಷಕ್ಕೆ ನೀವು ಕೊಡ್ತಿರೋ ಬೆಲೆ, ಔಷಧಿಯ ಬಿಲ್ಲಿನ ಐದು ಪಟ್ಟು. ನಿಮ್ಮ ನಿಧಿ ಪೂರ್ತಿ ಸುರಿದರೂ ಸಾಲೋಲ್ಲ. 0.6 ನನ್ನ ಊಹೆ, ಅದನ್ನ 0.8 ಮಾಡಿ, ನಾಲ್ಕನ್ನ ಆರು ತಿಂಗಳು ಮಾಡಿ, ಉತ್ತರ ಎಷ್ಟು ಕುಣಿಯುತ್ತೆ ಅಂತ ನೋಡಿ. ಕುಣಿಯೋದನ್ನ ನೋಡೋದೇ ಮುಖ್ಯ.

ಹಾಗಾದರೆ ಎಷ್ಟಕ್ಕೆ ‘ಸಾಕು’ ಅನ್ನೋದು? ಯಾವ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಸೇವೆ ಹಣ ಕೊಡಬೇಕು ಅಂತ ಹೇಳೋಕೆ 1999ರಲ್ಲಿ ಶುರುವಾದ ಬ್ರಿಟನ್ನಿನ ನೈಸ್ ಸಂಸ್ಥೆ (ಹೆಸರು ನೈಸ್, ಪಾಡು ಎಲ್ಲರ ಬಾಯಲ್ಲೂ ಬೈಸಿಕೊಳ್ಳೋದು) ಬಹುಕಾಲ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಅನ್ನೋ ಗೆರೆ ಇಟ್ಟುಕೊಂಡಿತ್ತು. 2015ರಲ್ಲಿ ಕಾರ್ಲ್ ಕ್ಲಾಕ್ಸ್‌ಟನ್ ಅನ್ನೋ ಆರೋಗ್ಯ ಅರ್ಥಶಾಸ್ತ್ರಜ್ಞರು ಮತ್ತಿತರರು ಬೇರೆ ದಾರಿ ಹಿಡಿದರು. ಅಲ್ಲಿನ ಆರೋಗ್ಯ ಸೇವೆ ಈಗ ಖರ್ಚು ಮಾಡ್ತಿರೋ ಹಣಕ್ಕೆ ಒಂದು ಕ್ವಾಲಿ ಎಷ್ಟಕ್ಕೆ ಸಿಗ್ತಿದೆ ಅಂತ ನೋಡಿದರು. ಸುಮಾರು 13,000 ಪೌಂಡ್ ಅಂತ ಬಂತು. ಅಂದರೆ 30,000ದ ಲೆಕ್ಕದಲ್ಲಿ ಒಂದು ಔಷಧಿ ಒಪ್ಪಿದಾಗ ಆ ರೋಗಿಗೆ ಒಂದು ವರ್ಷ ಸಿಗುತ್ತೆ, ಇನ್ನೆಲ್ಲೋ ಹೆಸರಿಲ್ಲದವರು ಎರಡಕ್ಕಿಂತ ಹೆಚ್ಚು ವರ್ಷ ಕಳ್ಕೊಳ್ತಾರೆ.

ನಿಮ್ಮಂಥ ಸಣ್ಣ ನಿಧಿಗೆ ಹೊರಗಿನ ಗೆರೆ ಬೇಡ. ನಿಮ್ಮ ಗೆರೆ ನಿಮ್ಮ ಎರಡನೇ ಕಡತದೊಳಗೇ ಇದೆ: ಅದೇ ಹಣಕ್ಕೆ ಅಲ್ಲಿ ಎಷ್ಟು ಕ್ವಾಲಿ ಸಿಗುತ್ತೆ ಅನ್ನೋದು.

ಗಾಲಿಗಳ_ಮೇಲೆ · ಬೆಳಿಗ್ಗೆ 11:02

ಲೆಕ್ಕದಕ್ಕ, ತುಂಬಾ ನೀಟಾಗಿ ಬರೆದಿದ್ದೀರಿ. ನನಗೆ ಓದ್ತಾ ಓದ್ತಾ ಬೆನ್ನು ತಣ್ಣಗಾಯ್ತು.

ಹನ್ನೆರಡು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದೀನಿ. ನಿಮ್ಮ ಪಟ್ಟಿಯ ಪ್ರಕಾರ ನನ್ನ ಒಂದು ವರ್ಷ 0.6 ಇರಬಹುದು, 0.5 ಇರಬಹುದು. ನಾಳೆ ನನಗೂ ನಿಮಗೂ ಒಂದೇ ನ್ಯುಮೋನಿಯ ಬಂದರೆ? ಒಂದೇ ಔಷಧಿ, ಒಂದೇ ಖರ್ಚು, ಇಬ್ಬರೂ ಉಳಿದರೆ ಇಬ್ಬರಿಗೂ ಇನ್ನು ಮೂವತ್ತು ವರ್ಷ. ನಿಮ್ಮನ್ನ ಉಳಿಸಿದರೆ 30, ನನ್ನನ್ನ ಉಳಿಸಿದರೆ 18. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ, ಆದರೆ ದಶಮಾಂಶದಲ್ಲಿ.

ಇನ್ನೊಂದು. ಆ 0.6 ಯಾರು ಕೊಟ್ಟದ್ದು? ಬಹಳಷ್ಟು ಕಡೆ ಸಾಮಾನ್ಯ ಜನರನ್ನ ಕೂರಿಸಿ ‘ಹೀಗೆ ನಡೆಯಲಾಗದ ಸ್ಥಿತಿಯಲ್ಲಿ ಹತ್ತು ವರ್ಷ ಇರ್ತೀರೋ, ಆರೋಗ್ಯವಾಗಿ ಎಷ್ಟು ವರ್ಷ ಸಿಕ್ಕರೆ ಅದನ್ನ ಬಿಟ್ಟುಕೊಡ್ತೀರಿ’ ಅಂತ ಕೇಳಿ ತೆಗೆದ ಅಂಕಿ. ನಡೆಯೋರಿಗೆ ನಡೆಯಲಾಗದ ಬದುಕು ನರಕ ಅಂತಲೇ ಅನ್ಸುತ್ತೆ. ನನಗೂ ಮೊದಲ ವರ್ಷ ಹಾಗೇ ಇತ್ತು. ಈಗ ನನ್ನ ದಿನದಲ್ಲಿ ಕಾಡೋದು ಕಾಲಲ್ಲ, ಮೆಟ್ಟಿಲು. ಈ ಅಂಕ ಕೊಡೋ ಬ್ರಿಟನ್ನಿನ ಹಳೇ ಪಟ್ಟಿಯಲ್ಲಿ ಓಡಾಟ, ನೋವು ಥರದ ಐದೂ ಪ್ರಶ್ನೆಗೆ ಅತಿ ಕೆಟ್ಟ ಉತ್ತರ ಕೊಟ್ಟವರ ಅಂಕ ಮೈನಸ್ 0.594 ಗೊತ್ತಾ? ಸಾವಿಗಿಂತ ಕೆಳಗೆ! ಆ ಸ್ಥಿತಿಯಲ್ಲಿದ್ದವರನ್ನ ಬದುಕಿಸಿದರೆ ನಷ್ಟ ಅಂತ ತಕ್ಕಡಿ ಹೇಳುತ್ತೆ.

ನಾವು ಇಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ತಕರಾರು · ಬೆಳಿಗ್ಗೆ 11:09

ಇದನ್ನೇ ನಾನು ನಿನ್ನೆ ಒಂದು ಸಾಲಲ್ಲಿ ಹೇಳಿದ್ದು.

ಲೆಕ್ಕದಕ್ಕ · ಮಧ್ಯಾಹ್ನ 1:30

ತಕರಾರು, ನೀವು ಹೇಳಿದ್ದು ಅದಲ್ಲ. ಗಾಲಿಗಳ_ಮೇಲೆ ಹೇಳಿದ್ದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅಮೆರಿಕದ ಆರೆಗಾನ್ ರಾಜ್ಯ ಇದೇ ಗೋಡೆಗೆ ತಲೆ ಚಚ್ಚಿಕೊಂಡಿತು.

1987ರಲ್ಲಿ ಆ ರಾಜ್ಯ ಬಡವರ ಆರೋಗ್ಯ ಯೋಜನೆಯಲ್ಲಿ ಅಂಗಾಂಗ ಕಸಿಗೆ ಹಣ ನಿಲ್ಲಿಸಿ, ಅದನ್ನ ಹೆಚ್ಚು ಜನರಿಗೆ ತಲುಪೋ ಸೇವೆಗೆ, ಬಸಿರಿಯರ ಆರೈಕೆ ಥರದ್ದಕ್ಕೆ, ಕೊಡೋಣ ಅಂತ ತೀರ್ಮಾನಿಸಿತು. ಅಂಕಿ ನೋಡಿದರೆ ತಪ್ಪು ಹುಡುಕೋದು ಕಷ್ಟ. ಅದೇ ವರ್ಷ ರಕ್ತ ಕ್ಯಾನ್ಸರಿನ ಏಳು ವರ್ಷದ ಹುಡುಗನೊಬ್ಬ ಅಸ್ಥಿಮಜ್ಜೆ ಕಸಿಗೆ ಹಣ ಕೂಡಿಸ್ತಾ ಇರುವಾಗಲೇ ತೀರಿಕೊಂಡ. ದೇಶವೆಲ್ಲ ಗದ್ದಲ. ಆಗ ಅಲ್ಲಿನ ಶಾಸನಸಭೆಯಲ್ಲಿದ್ದ ಜಾನ್ ಕಿಟ್ಜ್‌ಹ್ಯಾಬರ್, ಸ್ವತಃ ತುರ್ತುಚಿಕಿತ್ಸೆಯ ಡಾಕ್ಟರ್, ‘ಕದ್ದುಮುಚ್ಚಿ ಬೇಡ, ಎಲ್ಲಾ ಚಿಕಿತ್ಸೆಗೂ ಬಹಿರಂಗವಾಗಿ ಕ್ರಮಾಂಕ ಕೊಡೋಣ’ ಅಂತ ಹೊರಟರು. 1990ರಲ್ಲಿ ಮೊದಲ ಪಟ್ಟಿ ಬಂತು. ಅದರಲ್ಲಿ ಹಲ್ಲಿಗೆ ಕ್ಯಾಪ್ ಹಾಕೋದು ಅಪೆಂಡಿಕ್ಸ್ ಆಪರೇಷನ್ನಿಗಿಂತ ಮೇಲೆ ಕೂತಿತ್ತು! ಅಪೆಂಡಿಕ್ಸ್ ಒಡೆದರೆ ಸಾವು, ಹಲ್ಲು ಹಾಳಾದರೆ ನೋವು. ಆದರೆ ಹಲ್ಲಿನ ಕೆಲಸ ಅಷ್ಟು ಅಗ್ಗ, ಭಾಗಾಕಾರ ಮಾಡಿದಾಗ ಅದು ಮೇಲೆ ತೇಲಿತು. ಅಂಕಿಗಳೂ ಒರಟಾಗಿದ್ದವು. ಪಟ್ಟಿ ಮೂಲೆಗೆ ಬಿತ್ತು, ಕೈಯಿಂದ ತಿದ್ದಿ ಹೊಸದು ಮಾಡಿದರು. 1992ರಲ್ಲಿ ಕೇಂದ್ರ ಸರ್ಕಾರ ‘ಇದು ಅಂಗವಿಕಲರ ಹಕ್ಕಿನ ಕಾಯ್ದೆಗೆ ವಿರುದ್ಧ’ ಅಂತ ತಿರಸ್ಕರಿಸಿತು. ಗಾಲಿಗಳ_ಮೇಲೆ ಹೇಳಿದ್ದೇ ಕಾರಣ. ಮತ್ತೆ ತಿದ್ದಿ, 1994ರಲ್ಲಿ ಜಾರಿಯಾಯ್ತು. 2010ರ ಆರೋಗ್ಯ ಕಾಯ್ದೆಯಲ್ಲಂತೂ ಕ್ವಾಲಿಗೆ ಇಷ್ಟು ಅನ್ನೋ ಗೆರೆಯನ್ನ ಸರ್ಕಾರಿ ವಿಮೆಯ ತೀರ್ಮಾನಕ್ಕೆ ಬಳಸಬಾರದು ಅಂತಲೇ ಬರೆದರು.

ಬ್ರಿಟನ್ನಿನಲ್ಲಿ ಬೇರೆ ಮದ್ದು. 2022ರಿಂದ ಕಾಯಿಲೆ ಎಷ್ಟು ತೀವ್ರವೋ ಅದಕ್ಕೆ ತಕ್ಕಂತೆ ಕ್ವಾಲಿಗೆ 1.2 ಅಥವಾ 1.7 ಪಟ್ಟು ತೂಕ ಕೊಡ್ತಾರೆ. ಇದು ತೇಪೆ, ಒಪ್ಪಿದೆ. ತೇಪೆ ಹಾಕಿದ್ದು ಕಾಣೋ ಹಾಗಿದೆ ಅನ್ನೋದು ಮಾತ್ರ ನನ್ನ ಸಮಾಧಾನ.

ಹಳೇ_ಸಿಸ್ಟರ್ · ಸಂಜೆ 6:15

ಎಲ್ಲಾ ಓದಿದೆ. ಮೂವತ್ತೊಂದು ವರ್ಷ ವಾರ್ಡಲ್ಲಿದ್ದವಳು, ಅದರಲ್ಲಿ ಬಹಳ ಕಾಲ ಡಯಾಲಿಸಿಸ್. ಈಗ ಮನೇಲಿ.

ಆ ಐದು ಪ್ರಶ್ನೆಯ ಹಾಳೇನ ನಾನು ತುಂಬಿಸಿದ್ದೀನಿ. ಓಡಾಟ, ಸ್ನಾನ ಬಟ್ಟೆ, ದಿನದ ಕೆಲಸ, ನೋವು, ಆತಂಕ. ಒಬ್ಬರು ಅಜ್ಜ ಮಂಚದ ಕಂಬಿ ಹಿಡ್ಕೊಂಡಿದ್ದರು, ಬೆರಳ ಗಿಣ್ಣು ಬೆಳ್ಳಗಾಗೋವಷ್ಟು ಗಟ್ಟಿಯಾಗಿ. ‘ನೋವು ಎಷ್ಟು ಅಜ್ಜಾ?’ ಅಂದರೆ ‘ಸ್ವಲ್ಪ, ಸ್ವಲ್ಪ’ ಅಂದರು. ಪಕ್ಕದಲ್ಲಿ ಸೊಸೆ ನಿಂತಿದ್ದಳು. ಅವಳು ಫ್ಲಾಸ್ಕ್ ತೊಳೆಯೋಕೆ ಹೋದಾಗ ಮತ್ತೆ ಕೇಳಿದೆ. ಏನೂ ಹೇಳಲಿಲ್ಲ, ಕೊನೇ ಚೌಕದ ಮೇಲೆ ಬೆರಳಿಟ್ಟರು. ನಾನು ಅದಕ್ಕೇ ಗುರುತು ಹಾಕಿದೆ. ನಿಮ್ಮ 0.6 ಬರೋದು ಹೀಗೆ. ಫ್ಲಾಸ್ಕ್ ಮೊದಲೇ ತೊಳೆದಿದ್ದರೆ ಅಂಕಿ ಬೇರೆ ಇರ್ತಿತ್ತು.

ಹಾಗಂತ ಲೆಕ್ಕವೇ ಬೇಡ ಅನ್ನೋ ತಕರಾರು ಅವರಿಗೆ ಒಂದು ಕಥೆ ಹೇಳ್ತೀನಿ. ನಮ್ಮ ಟ್ರೈನಿಂಗಲ್ಲಿ ಮೇಡಂ ಹೇಳ್ತಿದ್ದರು. 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರ ಶುರುವಾಯ್ತು. ಯಂತ್ರ ಕೆಲವೇ, ಬೇಕಾದವರು ಬಹಳ. ಅದಕ್ಕೆ ಏಳು ಜನರ ಸಮಿತಿ ಮಾಡಿದರು: ವಕೀಲರು, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ನಾಯಕ, ಒಬ್ಬರು ಸರ್ಜನ್. ಹೆಸರು ಗುಟ್ಟು. ಅವರ ಹತ್ರ ಇಂಥ ಯಾವ ಲೆಕ್ಕವೂ ಇರಲಿಲ್ಲ. ಮತ್ತೆ ಏನು ನೋಡಿದರು? ಮದುವೆ ಆಗಿದೆಯಾ, ಮಕ್ಕಳೆಷ್ಟು, ಆಸ್ತಿ ಎಷ್ಟು, ಓದು ಎಷ್ಟು, ಚರ್ಚಿಗೆ ಹೋಗ್ತಾರಾ. ಪತ್ರಿಕೆಯಲ್ಲಿ ಬಂದಾಗ ಜನ ಅದನ್ನ ದೇವರ ಸಮಿತಿ ಅಂತ ಕರೆದರು. ಅವರು ಕೆಟ್ಟವರಲ್ಲ, ನಿಮ್ಮ ನಿಧಿಯವರ ಥರದವರೇ. ತಮ್ಮಂಥವರೇ ಯೋಗ್ಯರು ಅಂತ ಅವರಿಗೆ ಕಂಡಿತು, ಅಷ್ಟೇ. 1972ರಲ್ಲಿ ಕಾನೂನು ಬಂದು ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಡಯಾಲಿಸಿಸ್ ಖರ್ಚು ಸರ್ಕಾರದ್ದಾಯ್ತು.

ಲೆಕ್ಕ ಬಿಟ್ಟರೆ ಕರುಣೆ ಬರುತ್ತೆ ಅಂದ್ಕೊಂಡಿದ್ದೀರಿ. ನಾನು ನೋಡಿದ ಹಾಗೆ ಬರೋದು ಪರಿಚಯ, ಫೋನು, ಚೆನ್ನಾಗಿ ಅರ್ಜಿ ಬರೆಯೋಕೆ ಬರೋ ಮಗಳು.

ಕಾರ್ಯದರ್ಶಿ ಸರ್, ಒಂದೇ ಪ್ರಶ್ನೆ. ಇಷ್ಟೆಲ್ಲಾ ಆಯ್ತು, ಆ ಮನುಷ್ಯನನ್ನ ಕೇಳಿದಿರಾ?

ನಿಧಿ_ಕಾರ್ಯದರ್ಶಿ · ಸಂಜೆ 6:40

ಇಲ್ಲ ಸಿಸ್ಟರ್.

ಲೆಕ್ಕದಕ್ಕ · ರಾತ್ರಿ 8:12

ಸಿಸ್ಟರ್ ಡಯಾಲಿಸಿಸ್ ಮಾತೆತ್ತಿದ್ದಕ್ಕೆ ಥಾಯ್ಲೆಂಡ್ ನೆನಪಾಯ್ತು. ಅವರ ಹತ್ರ ಲೆಕ್ಕ ಹಾಕೋ ಒಳ್ಳೇ ಸಂಸ್ಥೆ ಇದೆ, ಗೆರೆಯೂ ಇದೆ, ಈಗ ಕ್ವಾಲಿಗೆ 1,60,000 ಬಾತ್. ಡಯಾಲಿಸಿಸ್ ಅಂಥ ಗೆರೆಯೊಳಗೆ ಬರೋ ಚಿಕಿತ್ಸೆ ಅಲ್ಲ. ಆದರೂ 2008ರಲ್ಲಿ ಎಲ್ಲರಿಗೂ ಕೊಡೋಕೆ ಶುರು ಮಾಡಿದರು, ಏಕೆಂದರೆ ಕಿಡ್ನಿ ಹೋದರೆ ಮನೆಮಂದಿಯೆಲ್ಲ ಸಾಲದಲ್ಲಿ ಮುಳುಗ್ತಿದ್ದರು, ಆ ಮುಳುಗೋದಕ್ಕೆ ಕ್ವಾಲಿಯಲ್ಲಿ ಕಾಲಂ ಇಲ್ಲ. ಆದರೆ ಲೆಕ್ಕವನ್ನ ಬಿಸಾಡಲಿಲ್ಲ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳೋ ಡಯಾಲಿಸಿಸ್ ಮೊದಲು, ಆಗದಿದ್ದರೆ ಮಾತ್ರ ಯಂತ್ರ ಅಂತ ನಿಯಮ ಮಾಡಿದರು. 2022ರಲ್ಲಿ ಅದನ್ನೂ ಸಡಿಲಿಸಿ ಆಯ್ಕೆಯನ್ನ ರೋಗಿ, ಡಾಕ್ಟರಿಗೆ ಬಿಟ್ಟರು.

ಗೆರೆ ದಾಟಿದ್ದು ತಪ್ಪಾ ಅಂತ ನನ್ನ ಸಹೋದ್ಯೋಗಿಗಳು ಇನ್ನೂ ಜಗಳ ಆಡ್ತಾರೆ. ನನಗೆ ಮುಖ್ಯ ಅನ್ಸೋದು, ಗೆರೆ ಎಲ್ಲಿದೆ ಅಂತ ಗೊತ್ತಿದ್ದು, ಎಷ್ಟು ದಾಟ್ತಿದ್ದೀವಿ ಅಂತ ಹೇಳಿ ದಾಟಿದರು.

ಕೌಂಟರ್_ಹಿಂದೆ · ರಾತ್ರಿ 9:30

ಇನ್ನೊಂದು ಪ್ರಾಯೋಗಿಕ ಮಾತು. ಕಂಪನಿಗಳಿಗೆ ರೋಗಿ ನೆರವು ಯೋಜನೆ ಅಂತ ಇರುತ್ತೆ, ಕೆಲವು ತಿಂಗಳ ಔಷಧಿ ಪುಕ್ಕಟೆ ಅಥವಾ ಅರ್ಧಕ್ಕೆ. ಡಾಕ್ಟರ್ ಮೂಲಕ ಕೇಳಿಸಿ. ಪೂರ್ತಿ ವರ್ಷಕ್ಕೆ ಒಂದೇ ಸಲ ಮಂಜೂರು ಮಾಡ್ಬೇಡಿ. ಇಂಥ ಔಷಧಿ ಕೆಲಸ ಮಾಡ್ತಿದೆಯೋ ಇಲ್ಲವೋ ಸ್ಕ್ಯಾನಲ್ಲಿ ಬೇಗ ಗೊತ್ತಾಗುತ್ತೆ. ಸರಾಸರಿ ನಾಲ್ಕು ತಿಂಗಳು ಅಂದರೆ ಎಲ್ಲರಿಗೂ ನಾಲ್ಕು ಅಂತಲ್ಲ, ಕೆಲವರಿಗೆ ವರ್ಷಗಟ್ಟಲೆ, ಬಹಳ ಜನರಿಗೆ ಏನೂ ಇಲ್ಲ.

ನಿಧಿ_ಕಾರ್ಯದರ್ಶಿ · 11 ದಿನದ ನಂತರ, ರಾತ್ರಿ 10:05

ಎಲ್ಲರಿಗೂ ಸಭೆಯ ವರದಿ ಒಪ್ಪಿಸ್ತೀನಿ.

ಮೊದಲು ಅವರ ಮನೆಗೆ ಹೋಗಿದ್ದೆ. ಒಂದೇ ಪ್ರಶ್ನೆ ಕೇಳಿದರು: ‘ಆ ನಾಲ್ಕು ತಿಂಗಳಲ್ಲಿ ಆಸ್ಪತ್ರೆ ಎಷ್ಟು ದಿನ, ಮನೆ ಎಷ್ಟು ದಿನ?’ ನನಗೆ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆವು. ಎರಡು ವಾರಕ್ಕೊಂದು ದಿನ ಆಸ್ಪತ್ರೆ, ಅಡ್ಡಪರಿಣಾಮ ಬಂದರೆ ಇನ್ನೂ ಹೆಚ್ಚು ಅಂದರು. ‘ಇದು ಇಲ್ಲದಿದ್ದರೆ ಏನು ಕೊಡ್ತಿದ್ದಿರಿ’ ಅಂತಲೂ ಕೇಳಿದೆ. ಹಳೇ ಔಷಧಿ ಒಂದಿದೆ, ಬೆಲೆ ಇದರ ಹತ್ತರಲ್ಲೊಂದು ಭಾಗವೂ ಇಲ್ಲ, ನಾಲ್ಕು ತಿಂಗಳ ಹೆಚ್ಚುವರಿ ಅನ್ನೋದು ಅದಕ್ಕೆ ಹೋಲಿಸಿಯೇ ಅಂದರು. ಅಂದರೆ ಕಂಪನಿಯ ಹಾಳೆ ಸುಳ್ಳು ಹೇಳಿರಲಿಲ್ಲ, ನನಗೆ ಓದೋಕೆ ಬಂದಿರಲಿಲ್ಲ. ಯೋಚನೆ ಮಾಡೋಕೆ ಅವರು ಎರಡು ದಿನ ತಗೊಂಡರು. ಬೇಕು ಅಂದರು.

ಸಭೇಲಿ ಬಿಪಿ ಯೋಜನೆಯ 100% ಅನ್ನ 50 ಮಾಡಿ ತೋರಿಸಿದೆ. ಆದರೂ ಕ್ವಾಲಿ ಲೆಕ್ಕದಲ್ಲಿ ಅದೇ ಮುಂದೆ, ಅದೂ ಸಣ್ಣ ಅಂತರದಲ್ಲಲ್ಲ. ಮೂರು ಗಂಟೆ ಜಗಳ ಆಯ್ತು. ಕೊನೆಗೆ: ಹೊಸ ಔಷಧಿ ಮೂರು ತಿಂಗಳಿಗೆ ಮಂಜೂರು, ಅದರಲ್ಲಿ ಒಂದು ತಿಂಗಳದ್ದು ಕಂಪನಿ ನೆರವಿನಿಂದ. ಸ್ಕ್ಯಾನ್ ಆದ ಮೇಲೆ ಗಡ್ಡೆ ಬೆಳೆದಿದ್ದರೆ ಹಳೇ ಔಷಧಿಗೆ ಬದಲಾಯಿಸೋದು. ಬಿಪಿ ಯೋಜನೆ ಈ ವರ್ಷ ನಲವತ್ತೈದು ದಾಟಿದವರಿಗೆ ಮಾತ್ರ. ಇಬ್ಬರು ಅಸಮ್ಮತಿ ಬರೆಸಿದರು, ಒಬ್ಬರು ಕಡಿಮೆ ಆಯ್ತು ಅಂತ, ಇನ್ನೊಬ್ಬರು ಜಾಸ್ತಿ ಆಯ್ತು ಅಂತ.

ನಡಾವಳಿಯಲ್ಲಿ ನಾನೇ ಒಂದು ಸಾಲು ಸೇರಿಸಿದೆ: ‘ಈ ತೀರ್ಮಾನದಿಂದ 41 ಸದಸ್ಯರ ತಪಾಸಣೆ ಮುಂದಿನ ವರ್ಷಕ್ಕೆ ಹೋಗಿದೆ.’ ಅಧ್ಯಕ್ಷರು ಅದನ್ನ ತೆಗೆಯೋಣ ಅಂದರು. ತೆಗೆಯಲಿಲ್ಲ.

ಗಾಲಿಗಳ_ಮೇಲೆ · ರಾತ್ರಿ 10:22

41 ಜನಕ್ಕೆ ಗೊತ್ತಾ?

ನಿಧಿ_ಕಾರ್ಯದರ್ಶಿ · ರಾತ್ರಿ 10:30

ನಡಾವಳಿ ನೋಟಿಸ್ ಬೋರ್ಡಿಗೆ ಹಾಕಿದ್ದೀನಿ. ಓದಿದವರಿಗೆ ಗೊತ್ತು.

ತಕರಾರು · ರಾತ್ರಿ 10:41

ಸರಿ. ಮೂರು ತಿಂಗಳಾದ ಮೇಲೆ ಸ್ಕ್ಯಾನ್ ಚೆನ್ನಾಗಿ ಬರಲಿಲ್ಲ ಅಂದ್ಕೊಳ್ಳಿ. ‘ನಿಧಿ ಇನ್ನು ಕೊಡಲ್ಲ’ ಅಂತ ಆ ಹುಡುಗಿಗೆ ಹೋಗಿ ಹೇಳೋರು ಯಾರು?

ನಿಧಿ_ಕಾರ್ಯದರ್ಶಿ · ರಾತ್ರಿ 11:58

ಅದನ್ನ ನಡಾವಳಿಯಲ್ಲಿ ಬರೆದಿಲ್ಲ. ನಾನೇ ಹೋಗ್ಬೇಕು.